ಹಳೆಯ ಸರ್ಟಿಫಿಕೇಟಿಗೆ ಹೊಸ ಪರೀಕ್ಷೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಒಂದೇ ವಿಷಯದ್ದು ಜಾಸ್ತಿ. ಹತ್ತು ಹದಿನೈದು ವರ್ಷದ ಹಿಂದೆ ಕಷ್ಟಪಟ್ಟು ಪಾಸಾದ ಐಟಿ ಸರ್ಟಿಫಿಕೇಟ್ ಇದೆ, ಈಗ ಅದನ್ನು ಯಾರೂ ಕೇಳುತ್ತಿಲ್ಲ, ಹೊಸದಕ್ಕೆ ಏರಿಸಿಕೊಳ್ಳುವುದು ಹೇಗೆ ಅಂತ. ಮುಂಬಯಿ, ಪುಣೆ, ಗೋವಾ ಮೂರೂ ಕಡೆಯ ಓದುಗರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಕೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಮಸ್ಕಾರ ಸರ್. ನನಗೆ 46 ವರ್ಷ, ಊರು ಕಾರ್ಕಳದ ಹತ್ತಿರ, ಈಗ ಇರುವುದು ಡೊಂಬಿವಲಿ. ಮುಂಬಯಿಗೆ ಬಂದಾಗ ಹಗಲು ಹೋಟೆಲ್ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಆಮೇಲೆ ದಾದರಿನಲ್ಲಿ ಹಾರ್ಡ್‌ವೇರ್, ನೆಟ್‌ವರ್ಕಿಂಗ್ ಕಲಿತು ವಿಂಡೋಸ್ ಸರ್ವರ್ 2003ರ ಎಂಸಿಎಸ್‌ಇ ಅನ್ನುವ ಮೈಕ್ರೋಸಾಫ್ಟ್ ಸರ್ಟಿಫಿಕೇಟ್ ಮಾಡಿದೆ. 2008ಕ್ಕೂ 2012ಕ್ಕೂ ಅಪ್‌ಗ್ರೇಡ್ ಪರೀಕ್ಷೆ ಬರೆದೆ. ಈಗ ಐರೋಲಿಯಲ್ಲಿ ಸರ್ವರ್ ನೋಡಿಕೊಳ್ಳುತ್ತೇನೆ. ನಮ್ಮ ಗಿರಾಕಿಗಳು ಒಬ್ಬೊಬ್ಬರೇ ಮೈಕ್ರೋಸಾಫ್ಟಿನ ಕ್ಲೌಡ್ ಆದ ಅಜೂರ್‌ಗೆ ಹೋಗುತ್ತಿದ್ದಾರೆ. ನಿಮ್ಮ ಸರ್ಟಿಫಿಕೇಟ್ ನಡೆಯುವುದಿಲ್ಲ, ಹೊಸದು ಮಾಡಿಕೊಳ್ಳಿ ಅಂತ ಮ್ಯಾನೇಜರ್ ಹೇಳುತ್ತಾರೆ. ಹಿಂದಿನ ಹಾಗೆ ಒಂದೇ ಅಪ್‌ಗ್ರೇಡ್ ಪರೀಕ್ಷೆ ಇದೆಯಾ? ಇಂಗ್ಲಿಷ್ ಓದು ನನಗೆ ನಿಧಾನ. ಈ ವಯಸ್ಸಿನಲ್ಲಿ ಆಗುತ್ತದಾ?

ಉತ್ತರ: ಆಗುತ್ತದೆ. ಹೇಗೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ತುಂಬಾ ಜನ ಕೇಳಿದ್ದಾರೆ.

ನೀವು ಕೇಳುತ್ತಿರುವ ಅಪ್‌ಗ್ರೇಡ್ ಪರೀಕ್ಷೆ ಈಗ ಇಲ್ಲ. ನಿಮ್ಮ ಕಾಲದಲ್ಲಿ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ದಾರಿ ಇಟ್ಟಿದ್ದರು. ಸರ್ವರ್ 2003ರಿಂದ 2008ಕ್ಕೆ 70-649 ನಂಬರಿನ ಪರೀಕ್ಷೆ, 2008ರಿಂದ 2012ಕ್ಕೆ 70-417, ಆಮೇಲೆ 2016ಕ್ಕೆ 70-743. ಪ್ರತಿ ಸಲವೂ ಹಳೆಯದನ್ನು ಒಪ್ಪಿಕೊಂಡು ಹೊಸ ಭಾಗವನ್ನಷ್ಟೇ ಕೇಳುತ್ತಿದ್ದರು. 2021ರ ಜನವರಿ 31ಕ್ಕೆ ಮೈಕ್ರೋಸಾಫ್ಟ್ ಎಂಸಿಎಸ್‌ಎ, ಎಂಸಿಎಸ್‌ಡಿ, ಎಂಸಿಎಸ್‌ಇ ಮೂರು ಬಗೆಯ ಸರ್ಟಿಫಿಕೇಟನ್ನೂ ನಿಲ್ಲಿಸಿತು. ಅಲ್ಲಿಗೆ ಆ ದಾರಿ ಮುಗಿಯಿತು. ಈಗಿರುವುದು ನೀವು ಮಾಡುವ ಕೆಲಸದ ಹೆಸರಿನ ಮೇಲೆ ಕೊಡುವ ಸರ್ಟಿಫಿಕೇಟ್. ಅಜೂರ್ ಅಡ್ಮಿನಿಸ್ಟ್ರೇಟರ್, ಸೆಕ್ಯುರಿಟಿ ಎಂಜಿನಿಯರ್, ಹೀಗೆ. ಸರ್ವರ್‌ನ ವರ್ಷ ಹೆಸರಿನಲ್ಲಿ ಬರುವುದಿಲ್ಲ.

ಹಾಗಾಗಿ ನನ್ನ ಹಳೆಯದಕ್ಕೆ ಯಾವ ಹೊಸದು ಸಮ ಅಂತ ಹುಡುಕಬೇಡಿ, ಸಿಗುವುದಿಲ್ಲ. ಇನ್ನೆರಡು ಮೂರು ವರ್ಷಕ್ಕೆ ನಿಮ್ಮ ಕೆಲಸ ಎಲ್ಲಿಗೆ ಹೋಗುತ್ತಿದೆ ಅಂತ ನೋಡಿ. ಉತ್ತರ ನೀವೇ ಬರೆದಿದ್ದೀರಿ, ಗಿರಾಕಿಗಳು ಅಜೂರ್‌ಗೆ ಹೋಗುತ್ತಿದ್ದಾರೆ. ಹಾಗಾದರೆ ಮೊದಲು ಎಝಡ್-104, ಅದೇ ಅಜೂರ್ ಅಡ್ಮಿನಿಸ್ಟ್ರೇಟರ್ ಪರೀಕ್ಷೆ. ಎಝಡ್-800 ಮತ್ತು ಎಝಡ್-801 ಅಂತ ಇನ್ನೊಂದು ಜೋಡಿ ಇದೆ, ಎರಡೂ ಪಾಸಾದರೆ ವಿಂಡೋಸ್ ಸರ್ವರ್ ಹೈಬ್ರಿಡ್ ಅಡ್ಮಿನಿಸ್ಟ್ರೇಟರ್, ಅಂದರೆ ಸ್ವಂತ ಸರ್ವರ್, ಕ್ಲೌಡ್ ಎರಡನ್ನೂ ನೋಡಿಕೊಳ್ಳುವವರು. ನಿಮ್ಮಂಥ ಹಳೆಯ ಸರ್ವರ್ ಕೈಗಳಿಗೆ ಅದು ಹತ್ತಿರದ್ದು ಅನ್ನಿಸುತ್ತದೆ, ಓದಲು ಖುಷಿಯೂ ಆಗುತ್ತದೆ. ಆದರೆ ಎರಡು ಪರೀಕ್ಷೆ, ಎರಡು ಫೀಸು. ಅಜೂರ್ ಬರುವುದಿಲ್ಲ ಅನ್ನುವ ಕೊರತೆಯೇ ನಿಮ್ಮನ್ನು ಹಿಂದೆ ಎಳೆಯುತ್ತಿರುವಾಗ 104 ಮೊದಲು ಮಾಡುವುದು ಸರಿ ಅಂತ ನನ್ನ ಅಭಿಪ್ರಾಯ. ಕಂಪನಿ ಫೀಸು ಕೊಡುತ್ತದಾ ಅಂತ ಮ್ಯಾನೇಜರನ್ನೇ ಕೇಳಿ. ಮಾಡಿಕೊಳ್ಳಿ ಅಂದವರು ಅವರೇ ಅಲ್ವಾ, ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ಓದುವ ವಿಷಯ. ಹೊಸಬರ ಹಾಗೆ ಮೊದಲ ಪುಟದಿಂದ ಶುರು ಮಾಡಬೇಡಿ. ಮೈಕ್ರೋಸಾಫ್ಟ್ ಲರ್ನ್ ಅನ್ನುವ ಅವರ ಪಾಠದ ವೆಬ್‌ಸೈಟಿನಲ್ಲಿ 104ರ ಪಠ್ಯದ ಪಟ್ಟಿ ಇದೆ, ಅದನ್ನು ಪ್ರಿಂಟ್ ತೆಗೆದು, ಗೊತ್ತಿರುವುದಕ್ಕೆ ಗೀಟು ಹಾಕುತ್ತಾ ಹೋಗಿ. ಡಿಎನ್‌ಎಸ್, ಸಬ್‌ನೆಟ್ (ನೆಟ್‌ವರ್ಕಿನ ಒಂದು ತುಂಡು), ಬ್ಯಾಕಪ್, ವರ್ಚುವಲ್ ಮಷೀನ್ (ಸಾಫ್ಟ್‌ವೇರಿನಲ್ಲೇ ಮಾಡಿದ ಕಂಪ್ಯೂಟರ್), ಇದರಲ್ಲಿ ಬಹುಪಾಲು ನಿಮ್ಮ ಕೈಯಲ್ಲಿ ಈಗಾಗಲೇ ಇದೆ. ಉಳಿಯುವುದು ವ್ಯತ್ಯಾಸ. ಅದನ್ನಷ್ಟೇ ಗಟ್ಟಿಯಾಗಿ ಓದಿ.

ಈ ವ್ಯತ್ಯಾಸವೇ ಅನುಭವಸ್ಥರ ಕಾಲಿಗೆ ತೊಡರುವುದು. ಒಂದು ಉದಾಹರಣೆ ಹೇಳುತ್ತೇನೆ. ಸ್ಲ್ಯಾಷ್ 29ರ, ಅಂದರೆ 8 ವಿಳಾಸದ ಸಬ್‌ನೆಟ್‌ನಲ್ಲಿ ಎಷ್ಟು ಮಷೀನಿಗೆ ಐಪಿ ವಿಳಾಸ ಕೊಡಬಹುದು ಅಂತ ಕೇಳಿದರೆ ನೀವು ನಿದ್ದೆಯಲ್ಲೂ 6 ಅನ್ನುತ್ತೀರಿ. ಒಟ್ಟು 8, ಮೊದಲನೆಯದು ನೆಟ್‌ವರ್ಕಿಗೆ, ಕೊನೆಯದು ಬ್ರಾಡ್‌ಕಾಸ್ಟಿಗೆ. ಅಜೂರ್‌ನಲ್ಲಿ ಅದು 3. ಪ್ರತಿ ಸಬ್‌ನೆಟ್‌ನಲ್ಲೂ ಮೊದಲ ನಾಲ್ಕು ಮತ್ತು ಕೊನೆಯ ಒಂದು, ಒಟ್ಟು 5 ವಿಳಾಸವನ್ನು ಅಜೂರ್ ತನಗೇ ಇಟ್ಟುಕೊಳ್ಳುತ್ತದೆ. ಇನ್ನೊಂದು, ವರ್ಚುವಲ್ ಮಷೀನಿನ ಒಳಗೆ ಹೋಗಿ ಸ್ಟಾರ್ಟ್ ಮೆನುವಿನಿಂದ ಶಟ್‌ಡೌನ್ ಕೊಟ್ಟರೆ ಮಷೀನ್ ನಿಲ್ಲುತ್ತದೆ, ಆದರೆ ಬಾಡಿಗೆ ಓಡುತ್ತಲೇ ಇರುತ್ತದೆ. ಪೋರ್ಟಲ್‌ಗೆ ಬಂದು ಸ್ಟಾಪ್ ಒತ್ತಿ, ಅಲ್ಲಿ ಡೀಅಲೋಕೇಟೆಡ್ ಅಂತ ಕಾಣಿಸಿದ ಮೇಲೆಯೇ ಮಷೀನಿನ ಬಾಡಿಗೆ ನಿಲ್ಲುವುದು. ಆಗಲೂ ಡಿಸ್ಕಿನ ದುಡ್ಡು ಬೇರೆ. ಆಫೀಸಿನವರ ಖಾತೆ, ಪಾಸ್‌ವರ್ಡ್ ನೋಡಿಕೊಳ್ಳುವ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಪಳಗಿದವರು ಅಜೂರ್ ಆ್ಯಕ್ಟಿವ್ ಡೈರೆಕ್ಟರಿಯನ್ನೂ ಅದೇ ಅಂದುಕೊಳ್ಳುತ್ತಿದ್ದರು. 2023ರಲ್ಲಿ ಈ ಅಜೂರಿನದಕ್ಕೆ ಎಂಟ್ರಾ ಐಡಿ ಅಂತ ಹೊಸ ಹೆಸರು ಬಂತು. ಅದರಲ್ಲಿ ಖಾತೆಗಳನ್ನು ವಿಭಾಗ ಮಾಡಿಡುವ ಓಯು ಇಲ್ಲ, ಎಲ್ಲರ ಕಂಪ್ಯೂಟರಿಗೂ ಒಟ್ಟಿಗೆ ನಿಯಮ ಹಾಕುವ ಗ್ರೂಪ್ ಪಾಲಿಸಿ ಇಲ್ಲ. ಅಜೂರ್ ಪಾಲಿಸಿ ಅಂತ ಒಂದಿದೆ, ಅದು ನಿಮ್ಮ ಗ್ರೂಪ್ ಪಾಲಿಸಿ ಅಲ್ಲವೇ ಅಲ್ಲ. ಇಂಥ ಕಡೆಗಳಲ್ಲಿ ನಿಂತು ನಿಧಾನವಾಗಿ ಓದಿ.

ಓದಿದ್ದನ್ನು ಕೈಯಾರೆ ಮಾಡಿ ನೋಡಲೇಬೇಕು. ಹೊಸದಾಗಿ ಅಜೂರ್ ಖಾತೆ ತೆರೆದರೆ 30 ದಿನಕ್ಕೆ 200 ಡಾಲರ್ ಬೆಲೆಯ ಬಳಕೆ ಉಚಿತ. ಕಾರ್ಡ್ ನಂಬರ್ ಕೇಳುತ್ತದೆ. ಪಟ್ಟಿಗೆ ಗೀಟು ಹಾಕಿ ಮುಗಿಸಿದ ಮೇಲೆ ಖಾತೆ ತೆರೆಯಿರಿ, ಇಲ್ಲದಿದ್ದರೆ 30 ದಿನ ಸುಮ್ನೆ ಕಳೆದುಹೋಗುತ್ತದೆ. ಡೊಂಬಿವಲಿಯಿಂದ ಠಾಣೆವರೆಗಿನ ಗಾಡಿಯಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ, ಅಲ್ಲಿ ಓದು ಆಗುವುದಿಲ್ಲ. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಎರಡು ನೆಟ್‌ವರ್ಕ್ ಕಟ್ಟಿ, ಒಂದಕ್ಕೊಂದು ಜೋಡಿಸಿ, ಬೇಕಂತಲೇ ಕೆಡಿಸಿ, ಮತ್ತೆ ಸರಿ ಮಾಡಿ. ಸರ್ವರ್ ಕೆಟ್ಟಾಗ ಸರಿ ಮಾಡುತ್ತಲೇ ಕಲಿತವರು ನೀವು, ಇದನ್ನೂ ಹಾಗೇ ಕಲಿಯುತ್ತೀರಿ.

ಇಂಗ್ಲಿಷ್ ಬಗ್ಗೆ. ನಿಮಗೆ ಬೇಕಾದ ಭಾಷೆಯಲ್ಲಿ ಪರೀಕ್ಷೆ ಇಲ್ಲದಿದ್ದರೆ 30 ನಿಮಿಷ ಹೆಚ್ಚು ಸಮಯ ಕೇಳಬಹುದು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಪರೀಕ್ಷೆಯ ತಾರೀಕು ಬುಕ್ ಮಾಡುವ ಮೊದಲೇ ಅರ್ಜಿ ಹಾಕಬೇಕು, ಬುಕ್ ಮಾಡಿದ ಮೇಲಲ್ಲ. ಕನ್ನಡದಲ್ಲಿ ಪರೀಕ್ಷೆ ಇಲ್ಲ, ಆದ್ದರಿಂದ ಧೈರ್ಯವಾಗಿ ಕೇಳಿ, ಅದು ನಿಮಗೆ ಸಲ್ಲಬೇಕಾದದ್ದೇ. 104ಕ್ಕೆ ಇರುವ ಸಮಯ 100 ನಿಮಿಷ, ಅದಕ್ಕೆ ಅರ್ಧ ಗಂಟೆ ಸೇರಿದರೆ ನಿಧಾನವಾಗಿ ಓದುವವರಿಗೆ ದೊಡ್ಡ ಆಸರೆ. ಜೊತೆಗೆ 2023ರಿಂದ ಪರೀಕ್ಷೆಯ ನಡುವೆಯೇ ಮೈಕ್ರೋಸಾಫ್ಟ್ ಲರ್ನ್ ತೆರೆದು ನೋಡಲು ಬಿಡುತ್ತಾರೆ. ಆದರೆ ಗಡಿಯಾರ ನಿಲ್ಲುವುದಿಲ್ಲ. ಎಲ್ಲ ಪ್ರಶ್ನೆಗೂ ಹುಡುಕುತ್ತಾ ಕೂತರೆ ಕೊನೆಯ ಪುಟ ತಲುಪುವುದಿಲ್ಲ. ಸಾವಿರಕ್ಕೆ 700 ಬಂದರೆ ಪಾಸ್. ಒಂದು ಸಲ ಹೋದರೆ 24 ಗಂಟೆ ಬಿಟ್ಟು ಮತ್ತೆ ಬರೆಯಬಹುದು, ಆಮೇಲಿನ ಸಲಗಳಿಗೆ 14 ದಿನ ಕಾಯಬೇಕು.

ಹೆಸರಿನ ವಿಷಯ ಸಣ್ಣದು ಅನ್ನಿಸಬಹುದು, ಆದರೆ ಪರೀಕ್ಷೆಯ ದಿನ ಬಾಗಿಲಲ್ಲೇ ನಿಲ್ಲಿಸುವುದು ಅದೇ. ನಮ್ಮ ಕರಾವಳಿಯವರಲ್ಲಿ ಶಾಲೆಯ ದಾಖಲೆಯಲ್ಲಿ ಒಂದು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಆಫೀಸಿನಲ್ಲಿ ಬಳಿಯ (ಕುಲದ) ಹೆಸರು ಇರುವುದು ಮಾಮೂಲು. ಬುಕ್ ಮಾಡುವಾಗ ಕೊಟ್ಟ ಹೆಸರು ಮತ್ತು ತೋರಿಸುವ ಗುರುತಿನ ಚೀಟಿಯ ಹೆಸರು ಒಂದೇ ಇರಬೇಕು. ಹಳೆಯ ಪ್ರೊಫೈಲ್‌ನಲ್ಲಿ ಯಾವ ಹೆಸರಿದೆ ಅಂತ ಈಗಲೇ ತೆರೆದು ನೋಡಿ, ಪಾಸ್‌ಪೋರ್ಟಿನ ಪಕ್ಕ ಇಟ್ಟು ಹೋಲಿಸಿ. ಆಫೀಸಿನ ಇಮೇಲ್ ಮೇಲೆ ಖಾತೆ ಮಾಡಬೇಡಿ. ಕೆಲಸ ಬಿಟ್ಟ ದಿನ ಸರ್ಟಿಫಿಕೇಟಿನ ಖಾತೆಯೂ ಕೈತಪ್ಪುತ್ತದೆ.

ಪಾಸಾದ ಮೇಲೂ ಒಂದು ಕೆಲಸ ಇದೆ. ಇದು ಒಂದೇ ವರ್ಷ ನಡೆಯುವುದು. ಮುಗಿಯುವ ಆರು ತಿಂಗಳ ಮೊದಲಿನಿಂದ ಮನೆಯಲ್ಲೇ ಕೂತು, ಫೀಸಿಲ್ಲದೆ, ಸಣ್ಣ ಆನ್‌ಲೈನ್ ಪರೀಕ್ಷೆ ಬರೆದು ಮುಂದುವರಿಸಬಹುದು. ಆ ತಾರೀಕು ತಪ್ಪಿದರೆ ಮತ್ತೆ ಪೂರ್ತಿ ಪರೀಕ್ಷೆ, ಪೂರ್ತಿ ಫೀಸು. ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಹಳೆಯ ಎಂಸಿಎಸ್‌ಇಯನ್ನು ಬಯೋಡೇಟಾದಿಂದ ತೆಗೆಯಬೇಡಿ. ಕೆಳಗೆ, ವರ್ಷದ ಸಮೇತ ಇರಲಿ. ಸರ್ವರ್ 2003ರ ಕಾಲದಿಂದ ಇವತ್ತಿನವರೆಗೂ ಸರ್ವರ್ ಕೋಣೆಯಲ್ಲಿ ನಿಂತವರು ಅಂತ ಅದು ಹೇಳುತ್ತದೆ. ಹಳೆಯ ಡೇಟಾ ಸೆಂಟರಿನಿಂದ ಅಜೂರ್‌ಗೆ ಸಾಗಿಸುವ ಕೆಲಸಕ್ಕೆ ಎರಡೂ ಕಡೆ ಗೊತ್ತಿರುವವರೇ ಬೇಕು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿ ಪಾಸಾದವರು ನೀವು. ವಯಸ್ಸಿನ ಪ್ರಶ್ನೆಯನ್ನು ಇನ್ನು ಮೇಲೆ ಯಾರನ್ನೂ ಕೇಳಬೇಡಿ.

ಪ್ರಶ್ನೆ: ನಾನು ಪುಣೆಯ ವಾಕಡ್‌ನಲ್ಲಿ ಇದ್ದೇನೆ, ಊರು ಧಾರವಾಡ. 2009ರಲ್ಲಿ ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಸರ್ಟಿಫಿಕೇಟ್ ಎಸ್‌ಸಿಜೆಪಿ 6 ಪಾಸಾಗಿ ಹಿಂಜವಡಿಯಲ್ಲಿ ಜಾವಾ ಕೆಲಸ ಮಾಡಿದೆ. ಮಕ್ಕಳಾದ ಮೇಲೆ ಬಿಟ್ಟೆ. ಈಗ ಮತ್ತೆ ಕೆಲಸಕ್ಕೆ ಹೋಗಬೇಕು ಅಂತ ಆಸೆ. ಹಳೆಯ ಸರ್ಟಿಫಿಕೇಟ್ ಅಪ್‌ಗ್ರೇಡ್ ಮಾಡಲಾ, ಅಥವಾ ಅದನ್ನು ಮರೆತುಬಿಡಲಾ? ಮನೆಯವರು ದುಡ್ಡು ದಂಡ ಅನ್ನುತ್ತಾರೆ.

ಉತ್ತರ: ನಿಮ್ಮ ಸರ್ಟಿಫಿಕೇಟ್ ಇವತ್ತಿಗೂ ಊರ್ಜಿತವೇ, ಜಾವಾ ಸರ್ಟಿಫಿಕೇಟಿಗೆ ಅವಧಿ ಮುಗಿಯುವುದು ಅಂತ ಇಲ್ಲ. ಆದರೆ ಅದನ್ನು ಕೊಟ್ಟ ಸನ್ ಕಂಪನಿಯನ್ನು 2010ರಲ್ಲಿ ಒರಾಕಲ್ ಕೊಂಡುಕೊಂಡಿತು, ಎಸ್‌ಸಿಜೆಪಿ ಅನ್ನುವ ಹೆಸರೂ ಹೋಯಿತು. ಈಗ ಇಂಟರ್‌ವ್ಯೂ ಮಾಡುವ ಹುಡುಗ ಹುಡುಗಿಯರಲ್ಲಿ ಕೆಲವರಿಗೆ ಆ ಹೆಸರೇ ಗೊತ್ತಿರುವುದಿಲ್ಲ.

ಜಾವಾ 6ರಿಂದ 8ಕ್ಕೆ ಒಂದು ಅಪ್‌ಗ್ರೇಡ್ ಪರೀಕ್ಷೆ ಇತ್ತು, 1ಝಡ್0-813. ಆ ಕಾಲ ಕಳೆಯಿತು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಈಗ ಹಳೆಯದು ಇರಲಿ ಬಿಡಲಿ, ಯಾರು ಬೇಕಾದರೂ ನೇರವಾಗಿ ಜಾವಾ 17ರ 1ಝಡ್0-829 ಅಥವಾ ಜಾವಾ 21ರ 1ಝಡ್0-830 ಬರೆಯಬಹುದು. ಬರೆಯುವುದಾದರೆ 21 ಬರೆಯಿರಿ. 17ರಲ್ಲಿ ಇರುವುದೆಲ್ಲ ಹೆಚ್ಚುಕಡಿಮೆ ಅದರಲ್ಲೂ ಇದೆ.

ಆದರೆ ಈಗಲೇ ಫೀಸು ಕಟ್ಟಬೇಡಿ. ಮೊದಲು ಭಾಷೆಯನ್ನು ಮತ್ತೆ ಕೈಗೆ ತಂದುಕೊಳ್ಳಿ. ನೀವು ಬಿಟ್ಟ ಜಾವಾ ಮತ್ತು ಈಗಿನ ಜಾವಾ ನೋಡಲೂ ಬೇರೆ ಥರ ಇವೆ. 2014ರಲ್ಲಿ ಬಂದ ಜಾವಾ 8ರ ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಮತ್ತು ಸ್ಟ್ರೀಮ್ (ಪಟ್ಟಿಯ ಮೇಲೆ ಸಾಲಾಗಿ ಕೆಲಸ ಮಾಡಿಸುವ ರೀತಿ), ಅದೇ ಅತಿ ದೊಡ್ಡ ಬದಲಾವಣೆ, ಅರ್ಧ ಸಮಯ ಅದಕ್ಕೇ ಕೊಡಿ. ಅದು ಬಂದರೆ ಉಳಿದದ್ದು ಹಗುರ. ಹೆಸರು, ಬೆಲೆ ಅಂತ ಎರಡೇ ಮಾಹಿತಿ ಇಡುವ ಒಂದು ಕ್ಲಾಸಿಗೆ ನೀವು ಆಗ ಕನ್ಸ್ಟ್ರಕ್ಟರ್, ಗೆಟರ್, ಈಕ್ವಲ್ಸ್, ಹ್ಯಾಷ್‌ಕೋಡ್, ಟುಸ್ಟ್ರಿಂಗ್ ಅಂತ ಒಂದು ಪುಟ ಬರೆಯುತ್ತಿದ್ದಿರಿ. ಜಾವಾ 16ರಿಂದ ರೆಕಾರ್ಡ್ ಅಂತ ಒಂದೇ ಸಾಲು ಸಾಕು. ಜಾವಾ 17ರಲ್ಲಿ, ತನ್ನಿಂದ ಯಾವ ಕ್ಲಾಸ್ ಹುಟ್ಟಬಹುದು ಅಂತ ಮಿತಿ ಹಾಕುವ ಸೀಲ್ಡ್ ಕ್ಲಾಸ್ ಬಂತು, 21ರಲ್ಲಿ ಸಾವಿರಾರು ಕೆಲಸ ಒಟ್ಟಿಗೆ ಓಡಿಸುವ ವರ್ಚುವಲ್ ಥ್ರೆಡ್. ಪರೀಕ್ಷೆಯಲ್ಲಿ ಕೋಡ್ ಕೊಟ್ಟು ಏನು ಪ್ರಿಂಟ್ ಆಗುತ್ತದೆ ಅಂತ ಕೇಳುವ ಪದ್ಧತಿ ನಿಮಗೆ ನೆನಪಿರಬಹುದು, ಅದು ಬದಲಾಗಿಲ್ಲ. ಹಲವು ದಾರಿಗಳಲ್ಲಿ ಒಂದನ್ನು ಆರಿಸುವ ಸ್ವಿಚ್ ಬಂದಾಗ ಎಚ್ಚರ. ಬಾಣದ ಗುರುತಿನ ಹೊಸ ಕೇಸ್ ಒಂದೇ ನಡೆದು ನಿಲ್ಲುತ್ತದೆ, ಕೋಲನ್ ಇರುವ ಹಳೆಯ ಕೇಸ್ ಮಾತ್ರ ಬ್ರೇಕ್ ಇಲ್ಲದಿದ್ದರೆ ಮುಂದಿನದಕ್ಕೂ ಜಾರುತ್ತದೆ. ಎರಡನ್ನೂ ಪಕ್ಕಪಕ್ಕ ಓಡಿಸಿ ನೋಡಿ.

ಜಾವಾದಲ್ಲಿ ವೆಬ್ ಕೆಲಸಕ್ಕೆ ಬಳಸುವ ಸ್ಪ್ರಿಂಗ್ ಬೂಟ್‌ನಲ್ಲಿ ಒಂದು ಸಣ್ಣ ಕೆಲಸ ಮಾಡಿ, ಕೋಡ್ ಇಟ್ಟು ತೋರಿಸುವ ಗಿಟ್‌ಹಬ್‌ಗೆ ಹಾಕಿ. ಅದೂ ಸರ್ಟಿಫಿಕೇಟೂ ಎರಡೂ ಇದ್ದರೆ, ಇಷ್ಟು ವರ್ಷ ಬಿಟ್ಟಿದ್ದಿರಲ್ಲ ಅನ್ನುವ ಪ್ರಶ್ನೆಗೆ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ. ಒಂದೇ ಆಗುವುದು ಅಂದರೆ ಗಿಟ್‌ಹಬ್ ಕೆಲಸ ಮೊದಲು. ಮನೆಯವರಿಗೆ ಇಷ್ಟು ಹೇಳಿ: ಕಲಿಯುವುದಕ್ಕೆ ದುಡ್ಡಿಲ್ಲ, ಜಾವಾ ಬರೆಯಲು ಬೇಕಾದ ಜೆಡಿಕೆ ಉಚಿತವಾಗಿ ಸಿಗುತ್ತದೆ, ಫೀಸು ಬರುವುದು ಕೊನೆಯಲ್ಲಿ ಮಾತ್ರ.

ಪ್ರಶ್ನೆ: ಅಂಧೇರಿಯ ಒಂದು ಇನ್ಸ್ಟಿಟ್ಯೂಟ್‌ನವರು ನೂರಕ್ಕೆ ನೂರು ಪಾಸ್ ಗ್ಯಾರಂಟಿ, ಪರೀಕ್ಷೆಯಲ್ಲಿ ಬರುವ ಪ್ರಶ್ನೆಗಳನ್ನೇ ಕೊಡುತ್ತೇವೆ ಅನ್ನುತ್ತಾರೆ. ಮುಂಗಡ ಕೇಳುತ್ತಿದ್ದಾರೆ. ಕೊಡಬಹುದಾ? ಎಲ್ಲರೂ ಹಾಗೇ ಮಾಡುತ್ತಾರಂತೆ.

ಉತ್ತರ: ಕೊಡಬೇಡಿ. ಎಲ್ಲರೂ ಮಾಡುವುದಿಲ್ಲ, ಹಾಗೆ ಹೇಳುವುದು ಅವರ ವ್ಯಾಪಾರ.

ಅವರು ಕೊಡುವುದಕ್ಕೆ ಡಂಪ್ ಅನ್ನುತ್ತಾರೆ, ಕದ್ದು ತಂದ ಪ್ರಶ್ನೆಗಳು. ಪರೀಕ್ಷೆ ಶುರುವಾಗುವ ಮೊದಲು ಪರದೆಯ ಮೇಲೆ ಬರುವ ಒಪ್ಪಂದಕ್ಕೆ ನೀವೇ ಒಪ್ಪಿಗೆ ಕೊಟ್ಟಿರುತ್ತೀರಿ, ಅದನ್ನು ಮುರಿದದ್ದು ಗೊತ್ತಾದರೆ ಸರ್ಟಿಫಿಕೇಟ್ ವಾಪಸ್ ತೆಗೆದುಕೊಳ್ಳುತ್ತಾರೆ, ಮುಂದೆ ಪರೀಕ್ಷೆಯನ್ನೇ ಬರೆಯಲು ಬಿಡದಿರಬಹುದು. ಡಂಪ್‌ಗಳಲ್ಲಿ ತಪ್ಪು ಉತ್ತರಗಳೂ ಸಾಕಷ್ಟು ಇರುತ್ತವೆ. ನನ್ನನ್ನು ಇನ್ನೂ ಜಾಸ್ತಿ ಕಾಡುವುದು ಬೇರೆ ವಿಷಯ. ಉತ್ತರ ಬಾಯಿಪಾಠ ಮಾಡಿ ಪಾಸಾದವರು ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ, ಯಾಕೆ ಹಾಗೆ ಅಂತ ಕೇಳಿದಾಗ ಹೇಳಲು ಏನೂ ಇರುವುದಿಲ್ಲ. ಅಲ್ಲೂ ದಾಟಿದರು ಅಂತ ಇಟ್ಟುಕೊಳ್ಳಿ, ಬ್ಯಾಂಕಿನ ಸರ್ವರ್ ರಾತ್ರಿ ಎರಡಕ್ಕೆ ಬಿದ್ದಾಗ ಏನು ಮಾಡುತ್ತಾರೆ? ಪರೀಕ್ಷೆ ಕೊಡುವ ಕಂಪನಿಗಳೇ ಪ್ರಕಟಿಸುವ ಅಭ್ಯಾಸ ಪ್ರಶ್ನೆಗಳಿವೆ, ಮೈಕ್ರೋಸಾಫ್ಟ್ ಅದನ್ನು ಉಚಿತವಾಗಿಯೇ ಕೊಡುತ್ತದೆ. ಅದನ್ನು ಬರೆಯಿರಿ. ಕ್ಲಾಸಿಗೆ ಸೇರಲೇಬೇಕು ಅಂತಿದ್ದರೆ ಲ್ಯಾಬ್ ಎಷ್ಟು ಗಂಟೆ ಕೊಡುತ್ತೀರಿ ಅಂತ ಕೇಳಿ. ಆ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡುವವರ ಹತ್ತಿರ ಹೋಗಿ.

ಪ್ರಶ್ನೆ: ಗೋವಾದ ವೆರ್ಣಾದಲ್ಲಿ ನೆಟ್‌ವರ್ಕ್ ಕೆಲಸ ಮಾಡುತ್ತೇನೆ, ನಮ್ಮದು ಕಾರವಾರ. 2016ರಲ್ಲಿ ಸಿಸ್ಕೋ ಕಂಪನಿಯ ನೆಟ್‌ವರ್ಕ್ ಸರ್ಟಿಫಿಕೇಟ್ ಸಿಸಿಎನ್‌ಎ ರೂಟಿಂಗ್ ಆ್ಯಂಡ್ ಸ್ವಿಚಿಂಗ್ ಪಾಸಾಗಿದ್ದೆ, ಅವಧಿ ಮುಗಿದಿದೆ. ಈಗ ಏನು ಮಾಡಲಿ?

ಉತ್ತರ: ಸಿಸ್ಕೋ ಸರ್ಟಿಫಿಕೇಟ್ ಮೂರು ವರ್ಷಕ್ಕೆ, ಅಷ್ಟರೊಳಗೆ ನವೀಕರಿಸದಿದ್ದರೆ ಮತ್ತೆ ಮೊದಲಿನಿಂದ ಬರೆಯಬೇಕು. 2020ರ ಫೆಬ್ರವರಿ 24ರಂದು ಸಿಸ್ಕೋ ತನ್ನ ಹೆಚ್ಚಿನ ಪರೀಕ್ಷೆಗಳನ್ನು ಬದಲಿಸಿತು. ರೂಟಿಂಗ್, ಸೆಕ್ಯುರಿಟಿ, ವೈರ್‌ಲೆಸ್ ಅಂತ ಬೇರೆ ಬೇರೆ ಇದ್ದ ಸಿಸಿಎನ್‌ಎಗಳ ಬದಲು ಒಂದೇ ಸಿಸಿಎನ್‌ಎ ಬಂತು, ಪರೀಕ್ಷೆ 200-301. ಅದೇ ದಿನದಿಂದ, ಮೇಲಿನ ಮೆಟ್ಟಿಲಾದ ಸಿಸಿಎನ್‌ಪಿಗೆ ಸಿಸಿಎನ್‌ಎ ಇರಲೇಬೇಕು ಅನ್ನುವ ನಿಯಮವೂ ಹೋಯಿತು. ನಿಮಗೆ ಇದೇ ಮುಖ್ಯ. ದಿನಾ ನೆಟ್‌ವರ್ಕಿನ ಡೇಟಾಕ್ಕೆ ದಾರಿ ತೋರಿಸುವ ಓಎಸ್‌ಪಿಎಫ್, ಬಿಜಿಪಿ ಮುಟ್ಟುವ ಕೆಲಸ ನಿಮ್ಮದಾದರೆ ಹಿಂದಕ್ಕೆ ಹೋಗಬೇಡಿ, ನೇರ ಸಿಸಿಎನ್‌ಪಿಯ 350-401 ಬರೆಯಿರಿ. ಅದೊಂದೇ ಪಾಸಾದರೂ ಸ್ಪೆಷಲಿಸ್ಟ್ ಸರ್ಟಿಫಿಕೇಟ್ ಸಿಗುತ್ತದೆ, ಆಮೇಲೆ 300-410 ಥರದ ಇನ್ನೊಂದು ಬರೆದರೆ ಸಿಸಿಎನ್‌ಪಿ ಎಂಟರ್‌ಪ್ರೈಸ್. ಕೇಬಲ್, ಸ್ವಿಚ್ ಪೋರ್ಟ್ ಮಟ್ಟದ ಕೆಲಸವಾದರೆ 200-301 ಸಾಕು. ಅದರಲ್ಲಿ ನೂರಕ್ಕೆ 10 ಭಾಗ ಆಟೊಮೇಷನ್ ಇದೆ, 2016ರಲ್ಲಿ ನೀವು ಬರೆದದ್ದಕ್ಕೂ ಇದಕ್ಕೂ ಅಲ್ಲೇ ದೊಡ್ಡ ಅಂತರ.

ಪ್ರಶ್ನೆ: ಠಾಣೆಯಿಂದ. ರೆಡ್ ಹ್ಯಾಟ್ ಲಿನಕ್ಸ್ 7ರ ಆರ್‌ಎಚ್‌ಸಿಇ ಸರ್ಟಿಫಿಕೇಟ್ ಇತ್ತು, ಅದೂ ಮುಗಿದಿದೆ. ಹೊಸ ಆರ್‌ಎಚ್‌ಸಿಇ ಪುಸ್ತಕ ತೆರೆದರೆ ನನಗೆ ಗೊತ್ತಿರುವ ಯಾವುದೂ ಅದರಲ್ಲಿ ಕಾಣಲಿಲ್ಲ. ತಪ್ಪು ಪುಸ್ತಕ ತಂದೆನಾ?

ಉತ್ತರ: ಪುಸ್ತಕ ಸರಿಯಾದದ್ದೇ. ರೆಡ್ ಹ್ಯಾಟ್ 8ರಿಂದ ಆರ್‌ಎಚ್‌ಸಿಇ ಅಂದರೆ ಪೂರ್ತಿ ಆನ್ಸಿಬಲ್, ಸರ್ವರ್‌ಗಳ ಕೆಲಸವನ್ನು ತಾನಾಗಿ ಮಾಡಿಸುವ ಸಾಧನ. ನೀವು ಬರೆದದ್ದು ಇಎಕ್ಸ್300, ಈಗಿನದು ಇಎಕ್ಸ್294. ಒಂದೊಂದು ಸರ್ವರ್‌ಗೆ ಹೋಗಿ ಕೈಯಿಂದ ಸರಿ ಮಾಡುವುದನ್ನು ಆಗ ಕೇಳುತ್ತಿದ್ದರು, ಈಗ ಒಂದು ಕಡೆ ಕೂತು ಪ್ಲೇಬುಕ್ ಅನ್ನುವ ಆದೇಶಗಳ ಪಟ್ಟಿ ಬರೆದು ಎಲ್ಲ ಸರ್ವರ್‌ಗೂ ಒಟ್ಟಿಗೆ ಮಾಡಿಸುವುದನ್ನು ಕೇಳುತ್ತಾರೆ. ಆದರೆ ಅದಕ್ಕೂ ಮೊದಲು ಇಎಕ್ಸ್200 ಬರೆದು ಕೆಳಗಿನ ಮೆಟ್ಟಿಲಾದ ಆರ್‌ಎಚ್‌ಸಿಎಸ್‌ಎ ಮತ್ತೆ ಮಾಡಿಕೊಳ್ಳಿ, ಅವಧಿ ಇರುವ ಆರ್‌ಎಚ್‌ಸಿಎಸ್‌ಎ ಇಲ್ಲದೆ ಆರ್‌ಎಚ್‌ಸಿಇ ಕೊಡುವುದಿಲ್ಲ. ನಿಮ್ಮ ಹಳೆಯ ಕೆಲಸ ಉಪಯೋಗಕ್ಕೆ ಬರುವುದು ಅಲ್ಲೇ: ಡಿಸ್ಕ್ ಜಾಗ ಹಂಚುವ ಎಲ್‌ವಿಎಂ, ಸುರಕ್ಷೆಯ ಎಸ್‌ಇ ಲಿನಕ್ಸ್, ಫೈರ್‌ವಾಲ್, ಎಲ್ಲ ಹಾಗೇ ಇವೆ. ಅಲ್ಲಿ ಬರೀ ಪ್ರಶ್ನೆ ಉತ್ತರ ಇಲ್ಲ, ಮಷೀನ್ ಕೊಟ್ಟು ಮಾಡಿ ತೋರಿಸಿ ಅನ್ನುತ್ತಾರೆ, 300ಕ್ಕೆ 210 ಬೇಕು. ರೀಬೂಟ್ ಆದ ಮೇಲೂ ನೀವು ಮಾಡಿದ್ದು ಉಳಿದಿರಬೇಕು. ಮನೆಯಲ್ಲಿ ಅಭ್ಯಾಸ ಮಾಡುವಾಗ ಪ್ರತಿ ಸಲವೂ ಮಷೀನನ್ನು ರೀಬೂಟ್ ಮಾಡಿ, ಡಿಸ್ಕ್ ಮೌಂಟ್ ಆಗಿದೆಯಾ, ಸರ್ವಿಸ್ ಎದ್ದಿದೆಯಾ ಅಂತ ನೋಡಿದ ಮೇಲೆಯೇ ಮುಂದಿನ ಪಾಠಕ್ಕೆ ಹೋಗಿ.